ಮಾವನ ಮೊದಲ ವಾಕ್ಯ

ನನ್ನ ಸೋದರಮಾವ ಗೂಡಲೂರಿನ ಅತಿ ದೊಡ್ಡ ಬರಹಗಾರರು. ಈ ವರ್ಷದವರೆಗೆ ಒಂದು ವಾಕ್ಯವನ್ನೂ ಮುಗಿಸಿರಲಿಲ್ಲ, ಅದು ಬೇರೆ ಮಾತು! ಹೆಸರು ಹೇಳುವುದಿಲ್ಲ, ಹೇಳಿದರೆ ಈ ಪ್ರಬಂಧವನ್ನೂ ತಿದ್ದಲು ಕೂರುತ್ತಾರೆ.

ಅವರ ದಿನಸಿ ಅಂಗಡಿಯ ಮೇಲೆ ಹಸಿರು ಬಣ್ಣದ ದೊಡ್ಡ ಬೋರ್ಡಿದೆ. ಅದರಲ್ಲಿ ಒಂದಕ್ಷರವೂ ಇಲ್ಲ. ಸರಿಯಾದ ಹೆಸರು ಇನ್ನೂ ಹೊಳೆದಿಲ್ಲವಂತೆ. ಊರವರು ಕಾಯುತ್ತಾರೆಯೇ? ತಮಿಳರು, ಮಲಯಾಳಿಗಳು, ಕನ್ನಡದವರು ಎಲ್ಲರೂ ಒಮ್ಮತದಿಂದ ‘ಖಾಲಿ ಬೋರ್ಡ್ ಅಂಗಡಿ’ ಎಂದು ನಾಮಕರಣ ಮುಗಿಸಿದ್ದಾರೆ.

ಇಂಥವರಿಗೆ ಈ ವರ್ಷ ನಿಜವಾದ ಪರೀಕ್ಷೆ ಬಂತು. ಹತ್ತಿರದ ದೇವಾಲ ಎಂಬ ಊರಿನ ಎಸ್ಟೇಟ್ ಶಾಲೆಯಲ್ಲಿ ಟೀಚರಾಗಿದ್ದ ಅತ್ತೆಗೆ ನಿವೃತ್ತಿ. ಬೀಳ್ಕೊಡುಗೆಯಲ್ಲಿ ಗಂಡನೂ ನಾಲ್ಕು ಮಾತಾಡಬೇಕೆಂದು ಶಾಲೆಯವರು ಕೇಳಿದರು. ಅತ್ತೆ ಯಾರಿಂದಲೂ ಏನನ್ನೂ ಬಯಸಿದವರಲ್ಲ. ಇದನ್ನು ಮಾತ್ರ ಬಯಸಿದರು. “ಒಂದೇ ಒಂದ್ಸಲ ನನ್ನ ಬಗ್ಗೆ ಮಾತಾಡಿ ರೀ, ಸಾಕು.”

ಅಂದಿನಿಂದ ಮಾವ ಕೂತಲ್ಲಿ ಕೂರಲಿಲ್ಲ. ಗಲ್ಲಾದಿಂದ ರಸ್ತೆಗೆ, ರಸ್ತೆಯಿಂದ ಗಲ್ಲಾಕ್ಕೆ. ‘ಮಾನ್ಯರೇ’ ಎನ್ನುವುದೋ, ‘ಆತ್ಮೀಯರೇ’ ಎನ್ನುವುದೋ?

“ಚೇಟ್ಟಾ, ಚಾಯಪ್ಪೊಡಿ!” ಎಂದು ಮಲಯಾಳಿ ಗಿರಾಕಿಯೊಬ್ಬ ‘ಅಣ್ಣಾ’ ಅಂತ ಕರೆದು ಟೀಪುಡಿಗೆ ಕೂಗಿದ.

“ತಡೀರಿ. ‘ಆತ್ಮೀಯರೇ’ ಸ್ವಲ್ಪ ಜಾಸ್ತಿ ಆಯ್ತಲ್ವಾ?”

ಅವನು ಎದುರಿನ ಅಂಗಡಿಗೆ ಹೋದ.

ನೋಡಿ ನೋಡಿ ನನಗೇ ಚಡಪಡಿಕೆ ಶುರುವಾಯಿತು. “ಮಾವ, ಮೊದಲು ಕೆಟ್ಟದಾಗಿ ಬರೀರಿ. ಬೇಕಂತಲೇ. ತಿದ್ದೋದು ಆಮೇಲೆ,” ಎಂದೆ.

ಬರೆದರು. ಹರಿದರು. “ಇದು ಅಷ್ಟೊಂದು ಕೆಟ್ಟದಾಗಿ ಬರ್ಲಿಲ್ಲ ಕಣೇ,” ಎಂದು ಮತ್ತೆ ಬರೆದರು! ಕೆಟ್ಟದ್ದೂ ಪರಿಪೂರ್ಣವಾಗಿರಬೇಡವೇ?

ತಿದ್ದಲು ಪುರುಸೊತ್ತು ಸಿಗುವ ಮೊದಲೇ ಆ ದಿನ ಬಂದೇಬಿಟ್ಟಿತು. ವೇದಿಕೆ ಏರಿದ ಮಾವ, ಬೆವರುತ್ತ, ಆ ಕೆಟ್ಟದ್ದನ್ನೇ ಓದಿದರು:

“ಇವಳು ಬೆಳಗಿನ ಮೊದಲ ಬಸ್ಸಿಗೆ ಹೋಗ್ತಾಳೆ. ದಾರೀಲಿ ಆನೆ ಇರುತ್ತೆ. ನಾನು ಟಾರ್ಚ್ ಹಿಡ್ಕೊಂಡು ಬಸ್ ಸ್ಟಾಪಿನವರೆಗೂ ಮುಂದೆ ನಡೀತೀನಿ. ಆನೆ ಅಂದ್ರೆ ನನಗೇ ಭಯ, ಇವಳಿಗದು ಗೊತ್ತಿಲ್ಲ. ನಾಳೆಯಿಂದ ಬಸ್ಸಿಲ್ಲ. ಆ ಹೊತ್ತಿಗೆ ಎದ್ದು ನಾನೇನು ಮಾಡ್ಲಿ, ತಿಳೀತಿಲ್ಲ.”

ಮುಂದೆ ಬರೆದಿರಲಿಲ್ಲ. ಅರ್ಧ ಸಭೆಗೆ ಕನ್ನಡ ಬಾರದು; ಆದರೂ ಎಲ್ಲರೂ ಅತ್ತೆಯ ಕಡೆ ತಿರುಗಿದರು.

ವೇದಿಕೆಯಲ್ಲೇ ಕೂತಿದ್ದ ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡರು. ಎದುರಿಗೆ ಮೈಕ್ ಇರುವುದನ್ನೂ ಮರೆತು ಹೇಳಿದರು:

“ಭಯ ಅಂತ ಗೊತ್ತು ರೀ. ಬೆಳಕು ನಡುಗ್ತಿತ್ತಲ್ಲ! ನಾಳೇನೂ ಹೋಗೋಣ. ಬಸ್ ಹತ್ತೋದು ಬೇಡ, ಅಷ್ಟೇ.”