ಟೋಪಿ ಮೀನಿನ ಟ್ರಯಲ್

ಎಲ್ಲ ರಗಳೆಗೂ ಮೂಲ ಒಂದು ಗೇಣು ಹೊಲಿಗೆ. ಹಿತ್ತಲಲ್ಲಿ ತಾನೇ ಅಗೆದ ಕೊಳಕ್ಕೆ ಸೂಜಿಯಪ್ಪ ಸಿಮೆಂಟು ಹಾಕಿಸಿರಲಿಲ್ಲ. ರೈನ್‌ಕೋಟು ಹೊಲಿದು ಉಳಿದ ತುಂಡುಗಳನ್ನೆಲ್ಲ ಜೋಡಿಸಿ, ಎರಡೆರಡು ಸಲ ಮಿಷನ್ ಓಡಿಸಿ, ಕೊಳಕ್ಕೊಂದು ಒಳ ಅಂಗಿ ತೊಡಿಸಿದ್ದ. ಮೇಲಂಚಿನಲ್ಲಿ ಒಂದು ಗೇಣು ಮಾತ್ರ ಆಮೇಲೆ ಹಾಕಿದರಾಯಿತು ಎಂದು ಬಿಟ್ಟಿದ್ದ. ದರ್ಜಿಯ ‘ಆಮೇಲೆ’ ಎಂದರೆ ಏನೆಂದು ಬಟ್ಟೆ ಕೊಟ್ಟವರಿಗೆಲ್ಲ ಗೊತ್ತು. ಮಳೆಗೆ ಗೊತ್ತಿರಲಿಲ್ಲ. ರಾತ್ರಿಯಿಡೀ ಸುರಿದು, ಆ ಗೇಣಿನೊಳಗೆ ನುಗ್ಗಿ, ಒಳ ಅಂಗಿಯನ್ನು ಪೂರಿಯ ಹಾಗೆ ಉಬ್ಬಿಸಿ ಮೇಲಕ್ಕೆತ್ತಿಬಿಟ್ಟಿತ್ತು.

ಬೆಳಗ್ಗೆ ಬ್ರಷ್ಷು ಕಚ್ಚಿಕೊಂಡು ಬಂದ ಸೂಜಿಯಪ್ಪನಿಗೆ ಕೊಳವಿದ್ದ ಜಾಗದಲ್ಲಿ ಒಂದು ಗುಡ್ಡ ಕಂಡಿತು. ಗುಡ್ಡದ ಮೇಲೆ ಒಂದು ಕಪ್ಪೆ ಕೂತು ಅವನನ್ನೇ ನೋಡುತ್ತಿತ್ತು. ಮೀನು ಮಾತ್ರ ಒಂದೂ ಇರಲಿಲ್ಲ. ಅವನೇ ಹೆಸರಿಟ್ಟು ಸಾಕಿದ್ದ ಟೋಪಿ, ಗುಂಡಿ, ಜರಿ, ಮೂರೂ ಮಾಯ. ಮೈಯೆಲ್ಲ ಬೆಳ್ಳಗಿದ್ದು ತಲೆಯ ಮೇಲೆ ಮಾತ್ರ ದುಂಡನೆಯ ಕೆಂಪು ಇದ್ದ ಟೋಪಿ ಎಂದರೆ ಅವನಿಗೆ ಪ್ರಾಣ. ಮಕ್ಕಳಿಲ್ಲದ ಆ ಮನೆಯಲ್ಲಿ ಬೆಳಗಿನ ಮೊದಲ ಬ್ರೆಡ್ಡು ಟೋಪಿಗೆ, ಎರಡನೆಯದು ಹೆಂಡತಿಗೆ.

“ಲೇ! ಟೋಪಿ ಇಲ್ಲ ಕಣೇ!” ಎಂದು ಅವನು ಕೂಗಿದ.

“ಬಾಗಿಲ ಹಿಂದೆ ಮೊಳೆಗೆ ಹಾಕಿದ್ದೀನಿ, ಸರಿಯಾಗಿ ನೋಡ್ರೀ,” ಎಂದಳು ಹೆಂಡತಿ ಒಳಗಿನಿಂದ.

ಅವರ ರಸ್ತೆ ಒಳ್ಳೆ ಇಳಿಜಾರು. ಮೇಲಿನ ಮಗ್ಗುಲಿಗೆ ಹಲ್ಲಿನ ಡಾಕ್ಟರ ಮನೆ, ಮನೆಯ ಮುಂಭಾಗವೇ ಕ್ಲಿನಿಕ್ಕು. ಅವರ ಹಿತ್ತಲಲ್ಲೂ ಒಂದು ಕೊಳ. ಗ್ರಾನೈಟಿನದು, ಕಾರಂಜಿಯೂ ಇತ್ತು. ಅದರಲ್ಲಿ ಬೆರಳುದ್ದದ ಮೀನುಮರಿಗಳನ್ನು ಬಿಟ್ಟು, ಯಾವಾಗ ದೊಡ್ಡವಾಗುತ್ತವೋ ಎಂದು ಅವರು ಸ್ಕೇಲು ಹಿಡಿದು ಕಾಯುತ್ತಿದ್ದರು. ಸೂಜಿಯಪ್ಪ ಮೋಟುಗೋಡೆಯ ಮೇಲೆ ಕತ್ತು ಚಾಚಿ ನೋಡಿದ. ಗ್ರಾನೈಟಿನ ಕೊಳದಲ್ಲಿ ಮೂರು ಭರ್ಜರಿ ಮೀನುಗಳು ತೇಲಾಡುತ್ತಿದ್ದವು. ಮುಂದಿನದು ಬಿಳಿ. ತಲೆಯ ಮೇಲೆ ಕೆಂಪು!

ಬಾಯಲ್ಲಿದ್ದ ಪೇಸ್ಟನ್ನು ಅವನು ಗುಳುಂ ಎಂದು ನುಂಗಿಬಿಟ್ಟ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಆಗಲೇ ಒಬ್ಬರ ಬಾಯಿ ತೆರೆಸಿದ್ದರು. ಕುರ್ಚಿಯಲ್ಲಿ ಒರಗಿದ್ದವರು ಮೇಲಿನ ರಸ್ತೆಗೆ ಹೊಸದಾಗಿ ಬಂದಿದ್ದ ಫುಟ್‌ಬಾಲ್ ಕೋಚು. ಭಾರೀ ಎತ್ತರದ ಮನುಷ್ಯ. ದವಡೆಗೆ ಸೂಜಿ ಚುಚ್ಚಿಸಿಕೊಂಡು, ಕೆನ್ನೆ ತುಂಬ ಹತ್ತಿ ತುರುಕಿಸಿಕೊಂಡು, ಸೂರು ನೋಡುತ್ತ ಮಲಗಿದ್ದರು.

“ಡಾಕ್ಟ್ರೇ, ನನ್ ಟೋಪಿ ನಿಮ್ಮ ಕೊಳದಲ್ಲಿದೆ!”

“ಗಾಳಿಗೆ ಹಾರಿ ಬಿದ್ದಿರ್ಬೇಕು. ತಗೊಂಡು ಹೋಗಿ.”

“ಟೋಪಿ ಅಂದ್ರೆ ಮೀನು ಡಾಕ್ಟ್ರೇ. ಜಪಾನಿನ ಕೋಯಿ ಮೀನು.”

ಡಾಕ್ಟರ ಮುಖ ಚಕ್ಕನೆ ಬದಲಾಯಿತು. “ಓ, ಅದಾ? ಅದು ನಂದು. ಮರಿ ಬಿಟ್ಟಿದ್ನಲ್ಲ, ಬೆಳೆದಿದೆ.”

“ರಾತ್ರಿ ಬೆಳಗಾಗೋದ್ರೊಳಗೆ ಬೆರಳುದ್ದ ಇದ್ದದ್ದು ಮೊಳದುದ್ದ ಆಯ್ತಾ?”

“ಮಳೆನೀರಿನ ಗುಣ ಟೈಲರ್ರೇ. ಗಿಡಗಳು ಬೆಳೆಯಲ್ವಾ?”

ಮೀನು ಎಂಬ ಮಾತು ಕಿವಿಗೆ ಬಿದ್ದದ್ದೇ ಕೋಚು ಧಡಕ್ಕನೆ ಎದ್ದು ಕೂತರು. “ಈಉ! ಈಉ ಅಂಉ!” ಎಂದರು. ತುಟಿಗಳೆರಡೂ ಮರಗಟ್ಟಿ ಜೋತುಬಿದ್ದಿದ್ದವು.

“ಉಗೀಬೇಡಿ, ಹತ್ತಿ ಕಚ್ಕೊಳ್ಳಿ,” ಎಂದು ಡಾಕ್ಟರು ಗದರಿ, ಕೈಗವಸಿನಲ್ಲೇ ಹಿತ್ತಲಿಗೆ ನಡೆದರು. ಹಿಂದೆ ಸೂಜಿಯಪ್ಪ, ಅವನ ಹಿಂದೆ ಕೊರಳಿಗೆ ಕಟ್ಟಿದ ಎದೆವಸ್ತ್ರದ ಸಮೇತ ಕೋಚು.

ಗಲಾಟೆ ಕೇಳಿ ಎದುರುಮನೆಯ ಹೆಡ್‌ಮಿಸ್ಸು ಬಂದೇಬಿಟ್ಟರು. ಅವರು ನಿವೃತ್ತರಾಗಿ ಬಹಳ ಕಾಲವಾಗಿತ್ತು, ಆದರೆ ರಸ್ತೆಯನ್ನು ಇನ್ನೂ ಒಂದು ತರಗತಿ ಎಂದೇ ತಿಳಿದಿದ್ದರು.

“ಏನದು ಗಲಾಟೆ? ಏನು ಕೊಯ್ಯೋ ಮೀನು?”

“ಕೊಯ್ಯೋದಲ್ಲ ಮೇಡಂ, ಕೋಯಿ,” ಎಂದ ಸೂಜಿಯಪ್ಪ. “ಬಟ್ಟೆ ಕೊಯ್ಯೋನು ನಾನು. ಮೀನು ಕೊಯ್ಯೋ ಮಾತೇ ಎತ್ತಬೇಡಿ, ಎದೆ ಧಸಕ್ ಅನ್ನುತ್ತೆ. ರಾತ್ರಿ ನೀರು ಉಕ್ಕಿ ನನ್ನ ಮೀನು ಇವ್ರ ಕೊಳಕ್ಕೆ ಬಂದಿದೆ. ಇವ್ರು ನನ್ನ ಟೋಪಿ ಇಟ್ಕೊಂಡು ನಂಗೇ ಟೋಪಿ ಹಾಕ್ತಿದ್ದಾರೆ.”

“ನಿನ್ನ ಮನೆ ಕೆಳಗೆ. ಡಾಕ್ಟ್ರ ಮನೆ ಮೇಲೆ. ಮೀನು ಗುಡ್ಡ ಹತ್ತುತ್ತೇನಪ್ಪ?”

ಪ್ರಶ್ನೆ ಚೆನ್ನಾಗಿತ್ತು. ಸೂಜಿಯಪ್ಪ ಎದೆಯುಬ್ಬಿಸಿ, “ಕೋಯಿ ಜಾತಿನೇ ಹಾಗೆ ಮೇಡಂ. ನೀರಿಗೆ ಎದುರಾಗಿ ಈಜುತ್ತೆ. ಹಠಮಾರಿ,” ಎಂದ.

ಕೋಚು ಎರಡೂ ತೋಳುಗಳನ್ನು ತಲೆಯ ಮೇಲೆತ್ತಿ, ಬಳುಕಿಸುತ್ತ ಬಳುಕಿಸುತ್ತ ನೆಲದವರೆಗೆ ತಂದು, ಎದೆ ಬಡಿದುಕೊಂಡರು. “ಈಉ ಅಂಉ! ಏಇಂಅ ಅಂಉ!”

“ಪಾಪ, ತಲೆ ಸುತ್ತುತ್ತಂತೆ,” ಎಂದು ಹೆಡ್‌ಮಿಸ್ಸು ಅರ್ಥ ಹೇಳಿದರು. “ಕೂರಿಸ್ರಪ್ಪ ಅವರನ್ನ.”

ಕೋಚನ್ನು ಕೊಳದ ಅಂಚಿಗೆ ಕೂರಿಸಲಾಯಿತು. ಅವರು ಗಾಳಿಯಲ್ಲಿ ಬರೆಯುತ್ತ ಪೆನ್ನು ಕೇಳಿದರು. ಡಾಕ್ಟರು, “ಔಷಧಿ ಚೀಟಿ ಆಮೇಲೆ ಕೊಡ್ತೀನಿ,” ಎಂದರು.

ಅಷ್ಟರಲ್ಲಿ ಸೂಜಿಯಪ್ಪನ ಅಂಗಡಿಗೆ ನಿವೃತ್ತ ಜಡ್ಜ್ ಸಾಹೇಬರು ಬಂದಿದ್ದರು. ಸಂಜೆ ಕ್ಲಬ್ಬಿನಲ್ಲಿ ಅವರ ಭಾಷಣ, ಅದಕ್ಕೆ ಹೊಸ ಕೋಟು. ಗಂಡ ಕಾಣದೆ ಸೂಜಿಯಪ್ಪನ ಹೆಂಡತಿ ತಾನೇ ಕೋಟನ್ನು ತೊಡಿಸಿದ್ದಳು. ಒಂದು ತೋಳು ಇತ್ತು. ಇನ್ನೊಂದನ್ನು ಗುಂಡುಸೂಜಿಗಳು ಹಿಡಿದುಕೊಂಡಿದ್ದವು. ಮುಂದಿನ ಕೆಲಸ ಅವಳಿಗೆ ಗೊತ್ತಿರಲಿಲ್ಲ. ಹಾಗಾಗಿ ಸಾಹೇಬರನ್ನು ಅದೇ ಅವತಾರದಲ್ಲಿ ಡಾಕ್ಟರ ಹಿತ್ತಲಿಗೆ ಕರೆತಂದಳು.

“ಏನಯ್ಯಾ, ನಾನು ಟ್ರಯಲ್‌ಗೆ ಬಂದ್ರೆ ನೀನು ಇಲ್ಲಿದ್ದೀಯ!” ಎಂದು ಸಾಹೇಬರು ಕೈಯೆತ್ತಿದರು. “ಅಯ್ಯಯ್ಯೋ!” ಎಂದು ಕೂಡಲೇ ಇಳಿಸಿದರು. ಕಂಕುಳಲ್ಲಿ ಸೂಜಿ.

“ಸಾರ್, ಇಲ್ಲೂ ಟ್ರಯಲ್ಲೇ ನಡೀತಿದೆ. ನೀವೇ ನ್ಯಾಯ ಹೇಳಿ,” ಎಂದು ಸೂಜಿಯಪ್ಪ ಕೈಮುಗಿದ.

ಸಾಹೇಬರ ಕಣ್ಣು ಫಳಕ್ಕನೆ ಹೊಳೆಯಿತು. ನಿವೃತ್ತರಾದ ಮೇಲೆ ಅವರೆದುರು ಯಾರೂ ಜಗಳವಾಡಿರಲಿಲ್ಲ. ಮನೆಯಲ್ಲೂ ತೀರ್ಪು ಹೇಳಲು ಅವಕಾಶವಿರಲಿಲ್ಲ, ಅದೆಲ್ಲ ಅವರ ಹೆಂಡತಿಯೇ ನೋಡಿಕೊಳ್ಳುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿ ಬಂತು. ಸಾಹೇಬರು ತೋಳನ್ನು ಮಗುವಿನ ಹಾಗೆ ಎತ್ತಿ ಹಿಡಿದುಕೊಂಡು ಜೋಪಾನವಾಗಿ ಕೂತರು.

“ಪ್ರಕರಣ ಶುರುವಾಗ್ಲಿ.”

“ಮೀನಿನ ಮೇಲೆ ಇವ್ರ ಹೆಸರು ಬರ್ದಿದೆಯಾ ಕೇಳಿ,” ಎಂದರು ಡಾಕ್ಟರು.

“ನ್ಯಾಯವಾದ ಪ್ರಶ್ನೆ. ಏನಯ್ಯಾ, ಕೋಟಿನ ಒಳಗೆಲ್ಲ ನಿನ್ನ ಅಂಗಡಿ ಲೇಬಲ್ ಹೊಲೀತೀಯಲ್ಲ, ಮೀನಿಗೇಕೆ ಹೊಲಿದಿಲ್ಲ?”

“ನೋವಾಗಲ್ವಾ ಸಾರ್ ಅದಕ್ಕೆ?”

“ನಂಗೀಗ ಆಗ್ತಿಲ್ವಾ?” ಎಂದರು ಸಾಹೇಬರು ಕಂಕುಳು ನೋಡಿಕೊಳ್ಳುತ್ತ.

ಕೋಚು ಎದ್ದು ನಿಂತು ಮತ್ತೆ ಗಾಳಿಯಲ್ಲಿ ಬರೆದು ತೋರಿಸಿದರು.

“ಇವ್ರು ಯಾರು? ಸಾಕ್ಷೀನಾ? ಲಿಖಿತ ಹೇಳಿಕೆ ನಡೆಯಲ್ಲ. ಸಾಕ್ಷಿ ಬಾಯಲ್ಲೇ ಹೇಳ್ಬೇಕು.”

“ಈಉ...”

“ಅಸ್ಪಷ್ಟ. ಕೂತ್ಕೊಳ್ಳಿ.”

ಕೋಚು ಕೂತರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ಡಾಕ್ಟರು ಹಲ್ಲುನೋವೆಂದು ತಿಳಿದು ಇನ್ನೊಂದು ಉಂಡೆ ಹತ್ತಿ ತುರುಕಿದರು.

ವಾದ ಬೆಳೆಯಿತು. ಡಾಕ್ಟರು ಕೊಳದ ಗ್ರಾನೈಟನ್ನು, ಕಾರಂಜಿಯನ್ನು, ತಮ್ಮ ಗೋಡೆಯನ್ನು ತೋರಿಸಿ, ನೀರು ಯಾರದೋ ಮೀನೂ ಅವರದೇ ಎಂದರು. ಹೆಡ್‌ಮಿಸ್ಸು ಹೌದೆಂದು ತಲೆಯಾಡಿಸಿದರು. ಸಾಹೇಬರೂ ಅತ್ತಲೇ ವಾಲುತ್ತಿರುವಂತೆ ಕಂಡಿತು. ಟೋಪಿ ಕೈಬಿಟ್ಟು ಹೋಗುವುದು ಖಚಿತವಾದಾಗ, ಗಿರಾಕಿ ಬೈದರೂ ತುಟಿ ಬಿಚ್ಚದ ಸೂಜಿಯಪ್ಪನಿಗೆ ಎಲ್ಲಿಂದಲೋ ಧ್ವನಿ ಬಂತು.

“ಸಾರ್! ಸಾಕೋದು ಅಂದ್ರೇನು? ಗ್ರಾನೈಟ್ ಹಾಕೋದಾ? ತಿನ್ನಿಸೋದು ಸಾರ್! ಯಾರ ಕೈಯಿಂದ ತಿನ್ನುತ್ತೋ ಮೀನು ಅವ್ರದ್ದು! ಅದು ಯಾರ ಕೊಳದಲ್ಲಾದ್ರೂ ಇರ್ಲಿ, ಎಲ್ಲಿಂದಾದ್ರೂ ಬಂದಿರ್ಲಿ. ಕೈಯಿಂದ ತಿಂತಾ? ಅವ್ರದ್ದು!”

ಹೆಂಡತಿ ಗಂಡನನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು.

“ಭೇಷ್! ಎಷ್ಟು ಚೆನ್ನಾಗಿ ಹೇಳ್ದೆ! ಹಾಗೇ ಆಗ್ಲಿ,” ಎಂದು ಸಾಹೇಬರು ಅಪ್ಪಣೆ ಕೊಟ್ಟರು.

ಮೊದಲು ಡಾಕ್ಟರು ಬಗ್ಗಿ ಬ್ರೆಡ್ಡು ಹಿಡಿದರು. ಅವರ ಕೈಯಿಂದ ಲವಂಗದೆಣ್ಣೆಯ ಘಾಟು ಹೊಡೆಯುತ್ತಿತ್ತು. ಬಾಯಿ ತೆರೆಯಬೇಕೆಂದು ಅನ್ನಿಸಿದ ಮೀನುಗಳೂ ಬಾಯಿ ಮುಚ್ಚಿಕೊಂಡು ಕಾರಂಜಿಯ ಹಿಂದೆ ಅಡಗಿದವು. ಆಮೇಲೆ ಸೂಜಿಯಪ್ಪ ಮಂಡಿಯೂರಿದ. “ಬಾರೋ ಟೋಪಿ, ಬಾ ಮರೀ,” ಎಂದು ಕರೆದ. ಕೆಂಪು ತಲೆ ಮೆಲ್ಲನೆ ಬಂತು. ಮೂಸಿತು. ಬ್ರೆಡ್ಡಿನ ಜೊತೆಗೆ ಅವನ ಬೆರಳನ್ನೂ ಬಾಯೊಳಗೆ ಎಳೆದುಕೊಂಡಿತು. ಖುಷಿಯಲ್ಲಿ ಸೂಜಿಯಪ್ಪ ಇನ್ನಷ್ಟು ಬಗ್ಗಿದ. ಇನ್ನಷ್ಟು. ಧೊಪ್ಪೆಂದು ಕೊಳಕ್ಕೆ ಬಿದ್ದ. ನೀರಿನಿಂದ ಎದ್ದಾಗ ಕೊರಳಲ್ಲಿದ್ದ ಅಳತೆ ಟೇಪು ಕಿವಿಗೆ ಸುತ್ತಿಕೊಂಡಿತ್ತು. ಮೂರೂ ಮೀನುಗಳು ಅವನ ಸೊಂಟದ ಸುತ್ತ ತಿರುಗುತ್ತ, ಅಂಗಿಗೆ ಅಂಟಿದ ಬ್ರೆಡ್ಡಿನ ಚೂರು ಕಚ್ಚುತ್ತಿದ್ದವು.

“ತೀರ್ಪು!” ಎಂದು ಸಾಹೇಬರು ಎದ್ದರು. “ಮೀನು ಯಾರ ಕೈಯಿಂದ ತಿನ್ನುತ್ತೋ ಅವ್ರದ್ದು. ಯಾರ ಕೊಳ, ಎಲ್ಲಿಂದ ಬಂತು ಅನ್ನೋ ಪ್ರಶ್ನೇನೇ ಇಲ್ಲ. ಇದೇ ಕೊನೆ ಮಾ... ಅಯ್ಯಯ್ಯೋ!”

ಹೆಡ್‌ಮಿಸ್ಸು ಚಪ್ಪಾಳೆ ತಟ್ಟಿದರು. ಹೆಂಡತಿ ಬಕೆಟ್ಟು ತರಲು ಓಡಿದಳು. ಗೆಲುವೆಂಬುದರ ರುಚಿಯನ್ನೇ ಕಾಣದ ಸೂಜಿಯಪ್ಪ ನೀರಲ್ಲಿ ನಿಂತೇ ಎಲ್ಲರಿಗೂ ಕೈ ಮುಗಿಯುತ್ತಿದ್ದ.

“ಮೀನು ನಂದು!”

ಎಲ್ಲರೂ ತಿರುಗಿದರು. ಕೋಚು ಹತ್ತಿಯನ್ನೆಲ್ಲ ಉಗಿದು ನಿಂತಿದ್ದರು. ದವಡೆಗೆ ಜೀವ ಬಂದಿತ್ತು.

“ಆಗ್ಲಿಂದ ಬಡ್ಕೊಳ್ತಿದ್ದೀನಿ, ಮೀನು ನಂದು, ಮೇಲಿಂದ ಬಂದದ್ದು ಅಂತ! ಮೇಲಿನ ರಸ್ತೇಲಿ ನನ್ನ ಕೊಳ. ರಾತ್ರಿ ಒಡ್ಡು ಒಡೀತು. ಬೆಳಗ್ಗೆ ಹುಡುಕೋಕೆ ಹೊರಟ್ರೆ ಹಲ್ಲುನೋವು ಬಿಡ್ಲಿಲ್ಲ.” ಅವರು ಎರಡು ಬೆರಳು ಬಾಯಿಗಿಟ್ಟು ಮೈದಾನದ ಶಿಳ್ಳೆ ಹೊಡೆದರು. ಮೂರೂ ಮೀನುಗಳು ಸೂಜಿಯಪ್ಪನನ್ನು ಅಲ್ಲೇ ಬಿಟ್ಟು, ಸಾಲಾಗಿ ಕೋಚಿನ ಕಾಲ ಬಳಿ ಹೋಗಿ ನಿಂತವು.

“ತೀರ್ಪು ಆಗಿಹೋಗಿದೆ,” ಎಂದರು ಸಾಹೇಬರು. “ಶಿಳ್ಳೆ ಲೆಕ್ಕಕ್ಕಿಲ್ಲ. ಮೀನು ಟೈಲರದ್ದೇ.”

ಸೂಜಿಯಪ್ಪ ನೀರಲ್ಲಿ ಬಗ್ಗಿ ಆ ಕೆಂಪು ತಲೆಯನ್ನು ಹತ್ತಿರದಿಂದ ನೋಡಿದ. ಅವನ ಟೋಪಿಯ ಕೆಂಪು ಎಡಗಣ್ಣಿನ ಕಡೆಗೆ ಒಂಚೂರು ವಾಲಿತ್ತು, ಪೋಲಿ ಹುಡುಗರು ಹಾಕಿಕೊಳ್ಳುವ ಹಾಗೆ. ಇದರದು ಅಳತೆ ಮಾಡಿ ಇಟ್ಟಂತೆ ನಟ್ಟನಡುವೆ ಇತ್ತು. ಬೆಳಗಿನಿಂದ ಕಣ್ಣಿಗೆ ಏನು ಕವಿದಿತ್ತೋ!

“ಬೇಡ ಸಾರ್,” ಎಂದ. “ಇದು ನನ್ನ ಟೋಪಿ ಅಲ್ಲ. ಕಳ್ಕೊಂಡೋರ ಸಂಕಟ ನಂಗೆ ಗೊತ್ತು. ತಗೊಂಡು ಹೋಗಿ ಕೋಚ್ ಸಾರ್.” ಹೆಂಡತಿ ತಂದ ಬಕೆಟ್ಟನ್ನು ಅವನೇ ತುಂಬಿ ಕೊಟ್ಟ. ಕೋಚು ಅವನನ್ನು ಒದ್ದೆ ಬಟ್ಟೆಯ ಸಮೇತ ಅಪ್ಪಿಕೊಂಡು, ಬಕೆಟ್ಟು ಹೊತ್ತು ಏರು ಹತ್ತಿದರು. ಡಾಕ್ಟರು ಬೆರಳುದ್ದದ ಮರಿಗಳ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

“ಹಾಗಾದ್ರೆ ನಿನ್ನ ಮೀನು?” ಎಂದರು ಹೆಡ್‌ಮಿಸ್ಸು. “ಮೇಲಿನವ್ರದ್ದು ಇಲ್ಲಿಗೆ ಬಂದ್ರೆ, ನಿಂದು ಇನ್ನೂ ಕೆಳಕ್ಕೆ ಹೋಗಿರ್ಬೇಕು.”

ಎಲ್ಲರ ದೃಷ್ಟಿ ಇಳಿಜಾರಿನ ಗುಂಟ ಜಾರಿ, ರಸ್ತೆಯ ಕೊನೆಯ ತಿರುವಿನಲ್ಲಿದ್ದ ಹೆಂಚಿನ ಮನೆಯ ಮೇಲೆ ನಿಂತಿತು. ಅದು ಜಡ್ಜ್ ಸಾಹೇಬರ ಮನೆ. ಅಂಗಳದಲ್ಲಿ ತಾವರೆಯ ತೊಟ್ಟಿ.

ಸಾಹೇಬರು ಗಂಟಲು ಸರಿಮಾಡಿಕೊಂಡರು. “ಹೌದು. ಬೆಳಗ್ಗೆ ಎದ್ದು ನೋಡ್ತೀನಿ, ಮೂರು ಬಂದಿವೆ. ಒಂದರ ತಲೆ ಮೇಲೆ ಕೆಂಪು, ಸ್ವಲ್ಪ ಎಡಕ್ಕೆ ವಾಲಿದೆ. ಬಹಳ ಮುದ್ದಾಗಿದೆ.”

“ಸಾರ್!” ಸೂಜಿಯಪ್ಪ ಒಂದೇ ನೆಗೆತಕ್ಕೆ ಕೊಳದಿಂದಾಚೆ ಬಂದ. “ಮೊದ್ಲೇ ಯಾಕೆ ಹೇಳ್ಲಿಲ್ಲ ಸಾರ್?”

“ನ್ಯಾಯಾಧೀಶ ಸಾಕ್ಷಿ ಹೇಳೋ ಹಾಗಿಲ್ಲಪ್ಪ.”

“ಈಗ್ಲೇ ಬರ್ತೀನಿ ಸಾರ್, ಬಕೆಟ್ಟು...”

ಸಾಹೇಬರು ತೋಳನ್ನು ಸಾವಕಾಶವಾಗಿ ಸರಿಪಡಿಸಿಕೊಂಡರು. “ಒಂದು ತೊಡಕಿದೆ ನೋಡು. ಬೆಳಗ್ಗೆ ಬಿಸ್ಕತ್ತು ತಿನ್ನಿಸ್ದೆ. ಮೂರೂ ನನ್ನ ಕೈಯಿಂದ್ಲೇ ತಿಂದ್ವು.”

ಸೂಜಿಯಪ್ಪ ಕೊಳದ ಅಂಚಿಗೆ ಕೂತುಬಿಟ್ಟ. ಹೆಂಡತಿ ಸೆರಗಿನಿಂದ ಅವನ ತಲೆ ಒರೆಸತೊಡಗಿದಳು. ಎರಡು ಹೆಜ್ಜೆ ಹೋದ ಸಾಹೇಬರಿಗೆ ಏನನ್ನಿಸಿತೋ, ನಿಂತು ತಿರುಗಿ ನೋಡಿದರು. ಅವರ ಮುಖದಲ್ಲಿ ಕರುಣೆಯೇ ಇತ್ತು.

“ಬೇಜಾರು ಮಾಡ್ಕೋಬೇಡ. ನೋಡೋಕೆ ಯಾವಾಗ ಬೇಕಾದ್ರೂ ಬಾ. ನಿನ್ನ ಮನೆ ಇದ್ದ ಹಾಗೆ,” ಎಂದರು. “ಆದ್ರೆ ಬರೋವಾಗ ಬ್ರೆಡ್ಡು ಮಾತ್ರ ತರಬೇಡ.”