ಮಗಳಿಗೊಂದು ಕಿಟಕಿ ಸೀಟು

ನಮ್ಮಪ್ಪ ತಾನು ಹೋಗದ ಊರಿನ ಬಸ್ಸುಗಳಲ್ಲೆಲ್ಲ ಸೀಟು ಹಿಡಿದವನು! ನಂಬುವುದಿಲ್ಲವೇ? ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ. ಬಸ್ಸು ತಿರುಗಿ ನಿಲ್ಲುವುದರೊಳಗೆ ಅಪ್ಪನ ಹೆಗಲ ಟವೆಲ್ಲು ಕಿಟಕಿಯಿಂದ ಒಳಗೆ ಹೋಗಿ ಸೀಟಿನ ಮೇಲೆ ಬಿದ್ದಿರುತ್ತಿತ್ತು. ಆಮೇಲೆ ಅಲ್ಲಿ ಕೂರುವ ಧೈರ್ಯ ಯಾರಿಗಿದೆ?

ಈ ಚಟಕ್ಕೆ ಕಾರಣ ನಾನೇ. ಬಸ್ಸು ಹತ್ತಿದರೆ ನನಗೆ ವಾಂತಿ. ಕಿಟಕಿ ಪಕ್ಕ ಕೂತರೆ ಮಾತ್ರ ಹೇಗೋ ತಡೆಯುತ್ತಿದ್ದೆ. ಮಗಳಿಗಾಗಿ ಕಲಿತ ವಿದ್ಯೆ ಆಮೇಲೆ ಊರಿಗೆಲ್ಲ ಹಂಚಿಹೋಯಿತು. ಕೊಟ್ಟೂರಿನ ಅಜ್ಜಿ, ಹಡಗಲಿಯ ಬಾಣಂತಿ, ಗುರುತೇ ಇಲ್ಲದ ಗಂಟುಮೂಟೆಯವರು, ಎಲ್ಲರಿಗೂ ಅಪ್ಪನೇ ಸೀಟು ಹಿಡಿಯಬೇಕು. ಒಮ್ಮೆ ಒಬ್ಬ ಯಜಮಾನರನ್ನು ಬಲವಂತವಾಗಿ ಎಳೆದೊಯ್ದು ಕೂರಿಸಿದ, ಬಸ್ಸೂ ಹೊರಟಿತು. ಪಾಪ, ಅವರು ಬೀಗರನ್ನು ಬಸ್ಸು ಹತ್ತಿಸಲು ಬಂದವರು!

ಅವ್ವ ಬೈಯುತ್ತಿದ್ದಳು. "ಮನ್ಯಾಗಿನ ಟವೆಲ್ಲು ಎಷ್ಟು ಹೋದ್ವು ಗೊತ್ತೈತೇನ್ರಿ?"

"ಹೋಗ್ಲಿ ಬಿಡು. ನಾವಂತೂ ಎಲ್ಲೂ ಹೋಗ್ಲಿಲ್ಲ, ಟವೆಲ್ಲಾದ್ರೂ ನಾಕು ಊರು ನೋಡ್ಲಿ!"

ಹರಪನಹಳ್ಳಿಯ ಶಾಲೆಯೊಂದರಲ್ಲಿ ನನಗೆ ಟೀಚರ್ ಕೆಲಸಕ್ಕೆ ಇಂಟರ್‌ವ್ಯೂ ಬಂತು. ಅದಾಗಲೇ ಮೂರು ಕಡೆ ಬೇಡ ಅನ್ನಿಸಿಕೊಂಡಿದ್ದೆ. ಇದೂ ತಪ್ಪಿದರೆ ಬಿ.ಎಡ್. ಮಾಡಿದ್ದೇ ದಂಡ. ಹನ್ನೊಂದಕ್ಕೆ ಅಲ್ಲಿರಬೇಕು, ಅದೂ ಉಟ್ಟ ಸೀರೆ ಕೆಡದಂತೆ. ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವೆಲ್ಲಿ! ಬಸ್ಸೊಂದು ಬಂತು. ಅಪ್ಪ ಹೆಗಲು ಮುಟ್ಟಿಕೊಂಡ. ಟವೆಲ್ಲಿಲ್ಲ! ಆಗಷ್ಟೇ ಯಾವುದೋ ಅಜ್ಜಿಯ ಸೀಟಿಗೆ ಹಾಕಿ ಬಂದಿದ್ದ. ಒಂದು ಕ್ಷಣವೂ ಯೋಚಿಸದೆ, ನನ್ನ ಕೈಯಲ್ಲಿದ್ದ ಮಾರ್ಕ್ಸ್‌ಕಾರ್ಡಿನ ಫೈಲು ಕಿತ್ತುಕೊಂಡು ಕಿಟಕಿಯೊಳಗೆ ಎಸೆದೇಬಿಟ್ಟ.

"ಅಪ್ಪಾ, ಬೋರ್ಡ್ ನೋಡಿದ್ಯಾ?"

"ಬೋರ್ಡ್ ನೋಡ್ಕೋತ ನಿಂತ್ರ ಸೀಟ ಯಾರ ಕೊಡ್ತಾರವ್ವಾ?"

ಅದು ಹೊಸಪೇಟೆ ಬಸ್ಸು! ನಾವು ಬಾಗಿಲು ಮುಟ್ಟುವುದರೊಳಗೆ ಹೊರಟೇಬಿಟ್ಟಿತು. ಅಪ್ಪ ಹಿಂದೆ ಓಡಿದ. "ಏ, ನಿಂದರ್ಸ್ರೋ! ನನ್ನ ಮಗಳ ಬಿ.ಎಡ್. ಹೊಂಟೈತಿ!"

ಹೈವೇ ತಿರುವಿನಲ್ಲಿ ಡ್ರೈವರು ನಿಲ್ಲಿಸಿದನಂತೆ. ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಬಂದ ಅಪ್ಪ ಫೈಲು ನನ್ನ ಕೈಗಿಟ್ಟು ಏದುಸಿರು ಬಿಟ್ಟ.

"ಎಂಥಾ ಚಲೋ ಕಿಟಕಿ ಸೀಟ ಇತ್ತವ್ವಾ!"

ಹರಪನಹಳ್ಳಿ ಬಸ್ಸು ಬಂದಾಗ ಅದರಲ್ಲಿ ಸೀಟಿರಲಿಲ್ಲ. ಅಪ್ಪನೂ ನನ್ನ ಜೊತೆ ಹತ್ತಿದ. ನನ್ನ ಹಿಂದೆ ನಿಂತು, ಎರಡೂ ಕಡೆಯ ಕಂಬಿ ಹಿಡಿದು, ಒಬ್ಬರ ಮೊಣಕೈಯೂ ನನಗೆ ತಾಗದಂತೆ ನೋಡಿಕೊಂಡ. ಬ್ರೇಕ್ ಹಾಕಿದಾಗಲೆಲ್ಲ ಜನರ ಭಾರವೆಲ್ಲ ಅವನ ಬೆನ್ನ ಮೇಲೆ.

ಅಪ್ಪ ತೀರಿಕೊಂಡು ವರ್ಷವಾಯಿತು. ಅವನ ಫಜೀತಿಗಳನ್ನು ಹೇಳಿಕೊಂಡು ಮನೆಮಂದಿಯೆಲ್ಲ ನಗುತ್ತೇವೆ. ಆದರೆ ಕೊಟ್ಟೂರು ದಾಟಿದ ಮೇಲೆ ಅವನು ನನ್ನ ಕಿವಿಯಲ್ಲಿ ಹೇಳಿದ್ದನ್ನು ನಾನು ಯಾರಿಗೂ ಹೇಳಿಲ್ಲ.

"ವಾಂತಿ ಬಂದ್ರ ನನ್ನ ಅಂಗಿ ಮ್ಯಾಲ ಮಾಡ್ಕೋ ಯವ್ವಾ. ನಿನ್ನ ಸೀರಿ ಕೆಡಬಾರ್ದು. ಇಂಟರ್‌ವ್ಯೂ ನಿಂದೈತಿ, ನಂದಲ್ಲ."

ಆ ಕೆಲಸದಲ್ಲೇ ಇದ್ದೇನೆ, ಅಪ್ಪಾ.