ಮನೆಗಾಡಿಯ ಬಿಳಿ ಹೊಗೆ

ಯಜಮಾನರು ಆಯುಷ್ಯವೆಲ್ಲ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ ಹುಡುಕಿ ನಿವೃತ್ತರಾದ ಮೇಲೆ, ತಪ್ಪು ಹುಡುಕಲು ಅವರಿಗೆ ಉಳಿದದ್ದು ಹೆಂಡತಿಯೊಬ್ಬಳೇ. ಆಕೆಯೋ ಬಟ್ಟೆ ಹೊಲಿಯುವವಳು, ಕೈಯಲ್ಲಿ ಸದಾ ಕತ್ತರಿ. ಆದ್ದರಿಂದ ಆ ಕಡೆ ಕೈ ಹಾಕುವ ಧೈರ್ಯ ಅವರಿಗಿರಲಿಲ್ಲ. (ಕೋಪ ಬಂದಾಗ ಆಕೆ 'ಕರಡು' ಎಂಬುದರ ಕೊಂಬು ತೆಗೆದು ಗುಡಿಸು ಕೊಟ್ಟು ಗಂಡನನ್ನು ಕರೆಯುವುದುಂಟು. ಅದು ಅಚ್ಚಿನ ತಪ್ಪಲ್ಲ.)

ಇಂಥ ಹೊತ್ತಿನಲ್ಲಿ ಅವರು ಯಾರನ್ನೂ ಕೇಳದೆ ಹಳೆಯ ಮನೆಗಾಡಿಯೊಂದನ್ನು ಕೊಂಡು ತಂದು ಬಾಗಿಲ ಮುಂದೆ ನಿಲ್ಲಿಸಿದರು. ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ ಎಲ್ಲವೂ ಒಳಗೇ ಇರುವ ಉದ್ದನೆಯ ಡೀಸೆಲ್ ವ್ಯಾನು.

"ಮಂಚದ ಅಳತೆ ನೋಡಿದ್ರಾ?" ಹೆಂಡತಿ ಕೇಳಿದಳು.

"ಮಂಚ ಬಿಡೇ, ಇದರ ಲೈನರ್ ನೋಡ್ಬೇಕು ನೀನು!"

"ಹಾಗಂದ್ರೆ?"

"ಪಿಸ್ಟನ್ ಮೇಲೆ ಕೆಳಗೆ ಆಡುತ್ತಲ್ಲ, ಆ ಸಿಲಿಂಡರ್ ಒಳಗೆ ಕೂರಿಸಿರೋ ಕಬ್ಬಿಣದ ಕೊಳವೆ. ಸವೆದರೆ ಅದನ್ನಷ್ಟೇ ತೆಗೆದು ಹೊಸದು ಹಾಕಿದರಾಯ್ತು. ಇಂಜಿನ್ ಚಿರಂಜೀವಿ!"

"ಅಸ್ತರ ಅನ್ನಿ. ಅಸ್ತರ ಚೆನ್ನಾಗಿದೆ ಅಂತ ಯಾರಾದ್ರೂ ಕೋಟು ಕೊಳ್ತಾರೇನ್ರೀ? ಮೈಗೆ ಆಗುತ್ತಾ ಅಂತ ನೋಡ್ಬೇಕಲ್ವಾ ಮೊದಲು?"

ಆಗಲಿಲ್ಲ. ಯಜಮಾನರು ನೀಟಾಗಿ ಕಾಲು ಚಾಚಿ ಮಲಗಿದರೆ ಪಾದಗಳು ಒಲೆಯ ಮೇಲೆ ಹೋಗಿ ನಿಲ್ಲುತ್ತಿದ್ದವು. ಆದರೂ ಹೆಂಡತಿ ಒಪ್ಪಿದಳು. ಕಾರಣವಿಷ್ಟೇ: ಆಕೆಯ ಅಮ್ಮ ಈ ವಯಸ್ಸಿನವರೆಗೂ ಸಮುದ್ರ ಕಂಡವರಲ್ಲ. ಬಸ್ಸು ಹತ್ತಿದರೆ ಸೊಂಟ ಹಿಡಿಯುತ್ತದೆಂದು ಪ್ರತಿ ವರ್ಷವೂ ಮುಂದೂಡುತ್ತಿದ್ದರು. ಮನೆಯೇ ಹೊರಟರೆ ಸೊಂಟಕ್ಕೇನು ಅಡ್ಡಿ?

ಹೊರಡುವ ಮೊದಲು ಯಜಮಾನರು ಮಾಡಬಾರದ ಕೆಲಸವೊಂದನ್ನು ಮಾಡಿದರು. ಇಂಜಿನ್ ಬಗ್ಗೆ ದಪ್ಪ ಪುಸ್ತಕವೊಂದನ್ನು ತಂದು ಓದಿದರು. ತಮ್ಮ ಗಾಡಿಯದು ಸುತ್ತಲೂ ಇಂಜಿನ್ ತಣಿಸುವ ಕೂಲಂಟ್ ನೀರು ತುಂಬಿರುವ 'ವೆಟ್ ಲೈನರ್' ಎಂದು ತಿಳಿಯಿತು. ಪಿಸ್ಟನ್ ಬಡಿದಾಗಲೆಲ್ಲ ಅದು ಸಣ್ಣಗೆ ನಡುಗುತ್ತದಂತೆ. ನಡುಗಿದಾಗ ನೀರಿನಲ್ಲಿ ಗುಳ್ಳೆಗಳೇಳುತ್ತವಂತೆ. ಗುಳ್ಳೆಗಳು ಒಡೆದೂ ಒಡೆದೂ ಕಬ್ಬಿಣಕ್ಕೇ ತೂತು ಬಿದ್ದು, ನೀರು ಒಳಗಿಳಿದು, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದಂತೆ. ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುವ ಮನೆಗಾಡಿಗಳ ಪಾಡಂತೂ ಕೇಳಲೇಬಾರದಂತೆ. ನಿಶ್ಚಿಂತರಾಗಿ ಗಾಡಿ ಕೊಂಡ ಯಜಮಾನರು ಪುಸ್ತಕ ಮುಚ್ಚುವ ಹೊತ್ತಿಗೆ ರೋಗಿಯ ಸಂಬಂಧಿಕರಂತಾಗಿದ್ದರು.

ಪ್ರಯಾಣ ಶುರುವಾಯಿತು. ಅತ್ತೆ ಹಿಂದುಗಡೆ ಒಲೆಯ ಪಕ್ಕ, ಹೆಂಡತಿ ಮುಂದೆ, ಯಜಮಾನರು ಹೆಚ್ಚಾಗಿ ರಸ್ತೆಯ ಮೇಲೆ. ಎರಡು ತಿರುವಿಗೊಮ್ಮೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಟವೆಲ್ ಸುತ್ತಿದ ಕೈಯಿಂದ ಕೂಲಂಟ್ ಮುಚ್ಚಳ ತಿರುಗಿಸುತ್ತಿದ್ದರು. ಹಸಿರು ಬಣ್ಣದ ಬಿಸಿ ನೀರು ಬುಸ್ಸೆಂದು ಉಕ್ಕಿ ಅಂಗಿಯೆಲ್ಲ ತೋಯುತ್ತಿತ್ತು. ಆಮೇಲೆ ಬಗ್ಗಿ ನೋಡಿ, "ಅಯ್ಯೋ, ಮತ್ತೆ ನೀರು ಇಳಿದಿದೆ ಕಣೇ!" ಎಂದು ಹೌಹಾರುತ್ತಿದ್ದರು.

"ಸ್ವಲ್ಪ ರಸ್ತೆ ನೋಡ್ರೀ. ಸಮುದ್ರ ಬಾನೆಟ್ ಒಳಗಿಲ್ಲ."

ಬೆಳಗಿನ ತಂಪಿನಲ್ಲಿ ಘಾಟಿ ಏರುತ್ತಿದ್ದಾಗ ಅದಾಯಿತು. ಪಕ್ಕದ ಕನ್ನಡಿಯಲ್ಲಿ, ಗಾಡಿಯ ಹಿಂಬದಿ ಮೂಲೆಯಿಂದ ಬಿಳಿ ಹೊಗೆ! ಯಜಮಾನರು ಗಕ್ಕನೆ ಬ್ರೇಕ್ ಹಾಕಿದರು. ಇಳಿದು ಓಡಿ ನೋಡಿದರೆ ಹೊಗೆ ಇಲ್ಲ. ಮತ್ತೆ ಹೊರಟು ಸ್ವಲ್ಪ ಹೊತ್ತಾಗಿತ್ತೋ ಇಲ್ಲವೋ, ಮತ್ತೆ ಹೊಗೆ. ಹೀಗೆಯೇ ಮೂರು ಸಲ.

"ಮುಗೀತು," ಎಂದರು ಯಜಮಾನರು, ಸೂತಕದ ದನಿಯಲ್ಲಿ. "ಲೈನರ್ ತೂತಾಗಿದೆ."

ಓಡುತ್ತಿದ್ದ ಗಾಡಿಯನ್ನೇ ಎಳೆಸಿಕೊಂಡು ಘಾಟಿಯ ಮೇಲಿನ ಊರಿನ ಗ್ಯಾರೇಜಿಗೆ ತಂದದ್ದಾಯಿತು. ಅಲ್ಲಿಯ ಮೇಸ್ತ್ರಿಯನ್ನು ಊರೆಲ್ಲ 'ಪಿಸ್ಟನ್ ಮಾಮ' ಎನ್ನುತ್ತಿತ್ತು. ಪಂಕ್ಚರ್ ಹಾಕಿ ಹಾಕಿ ಬೇಸತ್ತಿದ್ದ ಆತನೆದುರು ಯಜಮಾನರು ಗುಳ್ಳೆ, ನಡುಕ, ತೂತುಗಳ ಪುರಾಣ ಬಿಚ್ಚಿದಾಗ ಆತನ ಕಣ್ಣು ತುಂಬಿ ಬಂತು.

"ಇಷ್ಟು ವರ್ಷದಲ್ಲಿ ಲೈನರ್ ಬಗ್ಗೆ ಮಾತಾಡೋ ಗಿರಾಕಿ ನೀವೇ ಮೊದಲು ಸಾರ್! ಸ್ಟಾರ್ಟ್ ಮಾಡಿ, ನೋಡೇ ಬಿಡೋಣ."

ಇಂಜಿನ್ ಪಕ್ಕ ನಿಂತು ಇಬ್ಬರೂ ಹಿಂದಕ್ಕೆ ಕತ್ತು ಚಾಚಿದರು. ತುಸು ಹೊತ್ತಿಗೆ ಬಿಳಿ ಹೊಗೆ ತೇಲಿ ಬಂತು.

"ಲೈನರ್!" ಎಂದರು ಇಬ್ಬರೂ ಒಂದೇ ಉಸಿರಿಗೆ, ಕಳೆದುಹೋದ ಅಣ್ಣತಮ್ಮಂದಿರು ಸಿಕ್ಕ ಹಾಗೆ.

"ಸಮುದ್ರ ಇನ್ನರ್ಧ ದಿನದ ದಾರಿ," ಹೆಂಡತಿ ಹೇಳಿ ನೋಡಿದಳು. "ಗಾಡಿ ಓಡ್ತಾ ಇದೆಯಲ್ರೀ. ಹೋಗಿ ಬಂದು ಬಿಚ್ಚಿಸಬಾರದಾ?"

"ನಿನಗೆ ತಿಳಿಯಲ್ಲ. ಮಾಮಾ, ಬಿಚ್ಚಿ!"

ಬಿಚ್ಚಿದರು. ಹೆಡ್ ಇಳಿಯಿತು, ಪಿಸ್ಟನ್‌ಗಳು ಹೊರಬಂದವು, ಲೈನರ್‌ಗಳು ಒಂದೊಂದಾಗಿ ಗೋಣಿಚೀಲದ ಮೇಲೆ ಸಾಲಾಗಿ ನಿಂತವು. ಮಾಮ ಒಂದನ್ನು ಒರೆಸಿ ಬೆಳಕಿಗೆ ಹಿಡಿದ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಯಜಮಾನರು ಕನ್ನಡಕ ಏರಿಸಿ, ಕರಡು ನೋಡಿದಂತೆ ಇಂಚಿಂಚೂ ನೋಡಿದರು. ಆಯುಷ್ಯದಲ್ಲೇ ಮೊದಲ ಸಲ ಅವರಿಗೆ ಒಂದು ತಪ್ಪೂ ಸಿಗಲಿಲ್ಲ.

"ಮತ್ತೆ ಹೊಗೆ?"

"ಅದೇ ನೋಡಿ ಸಾರ್, ಈಗ ಬರ್ತಿರೋದು," ಎಂದ ಮಾಮ. ಹೇಳಿದ ಮೇಲೆ ಅವನೂ ಬೆಚ್ಚಿದ. ಇಂಜಿನ್ ತುಂಡು ತುಂಡಾಗಿ ನೆಲದ ಮೇಲೆ ಬಿದ್ದಿತ್ತು. ಬಿಳಿ ಹೊಗೆ ಮಾತ್ರ ಸೈಲೆನ್ಸರಿನ ನೇರಕ್ಕೆ ಮೇಲಿದ್ದ ಸಣ್ಣ ಕೊಳವೆಯಿಂದ ನಿರಾಳವಾಗಿ ಹೊರಬರುತ್ತಿತ್ತು. ಅದು ಅಡುಗೆ ಒಲೆಯ ಆವಿಕಿಂಡಿ.

ಕಿಟಕಿಯಿಂದ ಅತ್ತೆ ತಲೆ ಹೊರಹಾಕಿದರು. "ಅಳಿಯಂದ್ರೇ, ಈಗಲಾದ್ರೂ ಆಲೂಗಡ್ಡೆ ಬೇಯೋಕೆ ಬಿಡಿ. ದಾರೀಲಿ ನೀರು ಕುದಿ ಬಂತು ಅನ್ನೋಷ್ಟರಲ್ಲಿ ದಬಕ್ಕಂತ ನಿಲ್ಲಿಸ್ತೀರಿ. ಪಾತ್ರೆ ಜಾರುತ್ತೆ ಅಂತ ನಾನು ಒಲೆ ಆರಿಸಬೇಕು."

"ಆದರೆ ಕೂಲಂಟ್ ಕಮ್ಮಿ ಆಗ್ತಿತ್ತಲ್ಲ..." ಯಜಮಾನರು ತೊದಲಿದರು.

ಹೆಂಡತಿ ಅವರ ಅಂಗಿಯ ಮೇಲಿದ್ದ ಹಸಿರು ಕಲೆಗಳನ್ನು ತೋರಿಸಿದಳು.

ಒಮ್ಮೆ ಬಿಚ್ಚಿದ ಮೇಲೆ ಗ್ಯಾಸ್ಕೆಟ್, ರಿಂಗು ಎಲ್ಲ ಹೊಸದೇ ಬೇಕು, ಅವು ದೂರದ ಪಟ್ಟಣದಿಂದ ಬರಬೇಕು ಎಂದು ಮಾಮ ಗಂಟಲು ಸರಿಮಾಡಿಕೊಂಡು ಹೇಳಿದ. ಅತ್ತೆ ಅದನ್ನು ಕೇಳಿಸಿಕೊಂಡು ಸೊಂಟಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡರು. "ನಡಿಯೇ, ಬಸ್ಸಿಗೆ ಹೋಗೋಣ. ಸೊಂಟ ಹೋದರೆ ಹೋಗಲಿ."

"ನಾನೂ ಬರ್ತೀನಿ," ಯಜಮಾನರು ಚಪ್ಪಲಿ ಹುಡುಕಿದರು.

"ನೀವೆಲ್ಲಿಗೆ? ಲೈನರ್ ಕಾಯೋರು ಬೇಡ್ವಾ?"

ಮರುದಿನ ಮಧ್ಯಾಹ್ನ ಅವರು ಗೋಣಿಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು ಬೋಲ್ಟ್ ಒರೆಸುತ್ತಿದ್ದಾಗ ಫೋನ್ ಬಂತು.

"ಹಲೋ, ಇವಳೇ, ಲೈನರ್‌ಗಳೆಲ್ಲ ಅದ್ಭುತವಾಗಿವೆ ಕಣೇ! ನಾನು ಗಾಡಿ ಆರಿಸಿದ್ದು ಸರಿಯಾಗೇ ಇತ್ತು!"

"ಏನು? ಅಲೆ ಸದ್ದಿಗೆ ಏನೂ ಕೇಳಿಸ್ತಿಲ್ಲಾರೀ! ಅಮ್ಮಾ, ಅಷ್ಟು ದೂರ ಓಡ್ಬೇಡ! ಅಯ್ಯೋ, ನೆಂದೇ ಹೋದಳು..." ಇಬ್ಬರು ಹೆಂಗಸರ ನಗು ಉಕ್ಕಿ ಬಂದು ಫೋನ್ ಕಟ್ಟಾಯಿತು.

ಯಜಮಾನರು ಫೋನನ್ನು ಜೇಬಿಗಿಳಿಸಿದರು.

"ಸಮುದ್ರ ಚೆನ್ನಾಗಿದೆಯಂತೆ," ಎಂದರು.

"ಹೌದಾ ಸಾರ್," ಎಂದ ಪಿಸ್ಟನ್ ಮಾಮ, ಗಾಡಿಯಡಿಯಿಂದ ಕೈ ಚಾಚಿ. "ಆ ದೊಡ್ಡ ಸ್ಪ್ಯಾನರ್ ಇತ್ತ ಕೊಡಿ."